ಜೋಡಿ ತಂತಿಗಳ ಜಾಲ

ಒಂದೇ ಎಳೆಯ ಹಗ್ಗವನ್ನು ನಂಬಿ ಬಾವಿಗೆ ಕೊಡ ಇಳಿಸುವವರಿಲ್ಲ. ಹಲವು ಎಳೆಗಳನ್ನು ಹೊಸೆದ ಹಗ್ಗದಲ್ಲಿ ಒಂದು ಹರಿದರೂ ಕೊಡ ಕೈಬಿಡುವುದಿಲ್ಲ. ಆದರೆ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯ ವರದಿಯನ್ನು ವೈದ್ಯರಿಗೆ ತಲಪಿಸತಕ್ಕ ಸರ್ವರು ಎಷ್ಟೋ ವೇಳೆ ಒಂದೇ ಕೇಬಲಿಗೆ ಜೋತುಬಿದ್ದಿರುತ್ತದೆ. ಇಲಿಯೊಂದು ಅದನ್ನು ಕಡಿದರೆ ಸಾಕು, ವರದಿಗಾಗಿ ಕಾದು ಕುಳಿತ ವೈದ್ಯರಿಗೆ ಕಣ್ಣು ಕಟ್ಟಿದಂತಾಗುತ್ತದೆ.

ಹಾಗಾದರೆ ಎರಡು ಕೇಬಲುಗಳನ್ನು ಹಾಕಿದರಾಯಿತಲ್ಲ ಎಂದು ವಾಚಕರು ಕೇಳಬಹುದು. ಸಂಗತಿ ಅಷ್ಟು ಸುಲಭವಲ್ಲ. ಎರಡು ಸ್ವಿಚ್ಚುಗಳ ನಡುವೆ ಎರಡು ದಾರಿಗಳಿದ್ದರೆ, ಎಲ್ಲರಿಗೂ ಸಾರುವ ಸಂದೇಶವೊಂದು ಒಂದು ದಾರಿಯಿಂದ ಹೋಗಿ ಇನ್ನೊಂದರಿಂದ ಮರಳಿ, ಗಾಣದೆತ್ತಿನಂತೆ ಸುತ್ತುತ್ತ ಜಾಲವನ್ನೇ ಉಸಿರುಗಟ್ಟಿಸುತ್ತದೆ. 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ ರೂಪಿಸಿದ ವಿಧಾನವು ಈ ಸುತ್ತನ್ನು ತಪ್ಪಿಸಿತು; ಆದರೆ ಹೆಚ್ಚಿನ ದಾರಿಯನ್ನು ಮುಚ್ಚಿಡುವುದರ ಮೂಲಕ. ಹಣ ತೆತ್ತು ಹಾಕಿದ ಕೇಬಲು ಕೆಲಸವಿಲ್ಲದೆ ಮಲಗಿತು.

ಎರಡು ಕೇಬಲುಗಳನ್ನು ಒಂದೇ ಎಂದು ಯಂತ್ರವು ಭಾವಿಸುವಂತೆ ಮಾಡುವುದೇ ಇದಕ್ಕೆ ಇನ್ನೊಂದು ಉಪಾಯ. ಇದಕ್ಕೆ ಬಾಂಡಿಂಗ್ ಎಂದು ಹೆಸರು. 2000ದಲ್ಲಿ 802.3ಎಡಿ ಎಂಬ ನಿಯಮವು ಇದನ್ನು ಎಲ್ಲ ತಯಾರಕರಿಗೂ ಸಮಾನಗೊಳಿಸಿತು. ಅದರಂತೆ ಎರಡೂ ತುದಿಗಳು 1 ಸೆಕೆಂಡಿಗೊಮ್ಮೆ ಇಲ್ಲವೆ 30 ಸೆಕೆಂಡಿಗೊಮ್ಮೆ ಕ್ಷೇಮಸಮಾಚಾರ ಕಳುಹಿಸುತ್ತಿರುತ್ತವೆ. ಮೂರು ಸರದಿ ಸುದ್ದಿ ಬಾರದಿದ್ದರೆ ಆ ಕೇಬಲನ್ನು ಕೈಬಿಟ್ಟು, ಹೊರೆಯೆಲ್ಲವನ್ನೂ ಉಳಿದುದರ ಮೇಲೆ ಹಾಕುತ್ತವೆ. ಎರಡು ಕೇಬಲುಗಳಿಂದ ಪ್ರತಿಯೊಂದು ಸಂಭಾಷಣೆಯ ವೇಗವೂ ಇಮ್ಮಡಿಸುವುದೆಂಬುದು ಮಾತ್ರ ಭ್ರಮೆ. ಅಕ್ಷರಗಳ ಕ್ರಮ ಕೆಡದಿರಲೆಂದು ಒಂದು ಸಂಭಾಷಣೆಯನ್ನು ಸಾಮಾನ್ಯವಾಗಿ ಒಂದೇ ಕೇಬಲಿನಲ್ಲಿ ಕಳುಹಿಸುತ್ತಾರೆ. ಹಲವು ಸಂಭಾಷಣೆಗಳಿದ್ದಾಗಲೇ ಲಾಭ.

ಇನ್ನು ಪ್ರಯೋಗಶಾಲೆ, ಲೆಕ್ಕಪತ್ರ ವಿಭಾಗ, ಸಂದರ್ಶಕರು, ಈ ಮೂವರ ಸಂದೇಶಗಳೂ ಅದೇ ಹಗ್ಗದಲ್ಲಿ ಬರಬೇಕು. ಒಂದರೊಡನೊಂದು ಬೆರೆಯಲೂ ಕೂಡದು. ಇದಕ್ಕಾಗಿ 1998ರ 802.1ಕ್ಯೂ ನಿಯಮವು ಪ್ರತಿ ಸಂದೇಶಕ್ಕೂ 4 ಬೈಟ್‌ಗಳ ಚೀಟಿಯನ್ನು ಅಂಟಿಸುತ್ತದೆ. ಅದರಲ್ಲಿ 12 ಬಿಟ್‌ಗಳು ಗುಂಪಿನ ಸಂಖ್ಯೆಗೆ ಮೀಸಲು. ಹೀಗೆ ದೊರೆಯುವ 4096 ಸಂಖ್ಯೆಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟರೆ 4094 ಗುಂಪುಗಳಾಗುತ್ತವೆ. ಇಂತಹ ಗುಂಪೇ ವಿ-ಲ್ಯಾನ್. ಮೊದಲು ಹಗ್ಗ ಹೊಸೆಯಬೇಕು, ಆಮೇಲೆ ಚೀಟಿ: ಕೇಬಲುಗಳನ್ನು ಬಾಂಡ್ ಮಾಡಿ, ಆ ಬಾಂಡಿನ ಮೇಲೆ ವಿ-ಲ್ಯಾನುಗಳನ್ನು ಸ್ಥಾಪಿಸುವುದು ವಾಡಿಕೆಯ ಕ್ರಮ. ಆಗ ಕೇಬಲು ಬದಲಾದರೂ ಗುಂಪುಗಳಿಗೆ ಅದರ ಅರಿವೇ ಆಗದು.

ಇಷ್ಟೆಲ್ಲ ಮಾಡಿಯೂ ಮೋಸ ಹೋಗುವ ಸಂಭವವುಂಟು. ಎರಡು ಕೇಬಲುಗಳೂ ಒಂದೇ ಸ್ವಿಚ್ಚಿಗೆ ಸೇರಿದ್ದರೆ, ಆ ಸ್ವಿಚ್ಚು ಕೆಟ್ಟ ದಿನ ಎರಡೂ ವ್ಯರ್ಥ. ಬೇರೆ ಬೇರೆ ಸ್ವಿಚ್ಚುಗಳಿಗೆ ಸೇರಿಸಿ, ಒಂದು ದುಡಿಯುವಾಗ ಇನ್ನೊಂದು ಕಾದಿರುವಂತೆ ಮಾಡಬಹುದು. ಆಗ ಕಾದಿರುವ ಕಡೆಯ ಸ್ವಿಚ್ಚಿನಲ್ಲಿ ಒಂದು ಗುಂಪಿನ ಸಂಖ್ಯೆಯನ್ನು ಬರೆಯಲು ಮರೆತಿದ್ದರೆ, ಆ ತಪ್ಪು ಬಯಲಾಗುವುದು ಮೊದಲನೆಯ ಕೇಬಲು ಹರಿದ ರಾತ್ರಿಯೇ. ಎಲ್ಲಕ್ಕಿಂತ ಅಪಾಯಕರವಾದುದು ಸದ್ದಿಲ್ಲದ ಸಾವು. ಒಂದು ಎಳೆ ಹರಿದರೂ ಕೆಲಸ ಸಾಗುವುದರಿಂದ ಯಾರೂ ಗಮನಿಸುವುದಿಲ್ಲ. ಎರಡನೆಯದೂ ಹರಿದಾಗ ಎಚ್ಚರವಾಗುತ್ತದೆ.

ಆದುದರಿಂದ ಬಲ್ಲವರು, ಹೊರೆ ಕಡಿಮೆಯಿರುವ ಹೊತ್ತು ನೋಡಿ, ತಾವಾಗಿಯೇ ಒಂದು ಕೇಬಲನ್ನು ಕಿತ್ತು ಪರೀಕ್ಷಿಸುತ್ತಾರೆ. ಮರಳಿ ಸಿಕ್ಕಿಸಿ ಇನ್ನೊಂದನ್ನೂ ಕೀಳುತ್ತಾರೆ. ಹಗ್ಗ ಗಟ್ಟಿಯೆಂದು ನಂಬುವುದಕ್ಕಿಂತ ಜಗ್ಗಿ ನೋಡುವುದು ಮೇಲು.