ಯಂತ್ರದ ವಲಸೆಯೂ ಅಧಿಕಾರದ ನೆಲೆಯೂ
ಕ್ಲೌಡ್‌ನಿಂದ ಸ್ವಂತ ಸರ್ವರಿಗೆ ದಾಖಲೆಗಳನ್ನು ತರುವಾಗ ಬೇಕಾಗುವ ಅನುಮತಿಗಳು

ಗಣಕಯಂತ್ರದ ದಾಖಲೆಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಕಾರ್ಯವು ಮೇಲ್ನೋಟಕ್ಕೆ ಮನೆ ಬದಲಾಯಿಸಿದಂತೆ ತೋರುತ್ತದೆ. ಆದರೆ ಮನೆ ಬದಲಾಯಿಸುವವನಿಗೆ ಒಂದು ಬೀಗದ ಕೈ ಇದ್ದರೆ ಸಾಕು. ದಾಖಲೆಗಳನ್ನು ಸಾಗಿಸುವವನಾದರೋ ಅವುಗಳನ್ನು ನೋಡುವ, ನಕಲು ತೆಗೆಯುವ, ಗೂಢಲಿಪಿಯನ್ನು ಬಿಡಿಸುವ ಹಾಗೂ ಹೊಸ ಸ್ಥಳದಲ್ಲಿ ಇರಿಸುವ ಅಧಿಕಾರಗಳನ್ನು ಬೇರೆಬೇರೆಯಾಗಿ ಪಡೆಯಬೇಕಾಗುತ್ತದೆ. ಈ ಅಧಿಕಾರಗಳ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಯವು ತೀರ ತಾಂತ್ರಿಕವಾದುದರಿಂದ, ಮೊದಲು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಎಲ್ಲರೂ ಬಲ್ಲ ಒಂದು ನಿದರ್ಶನವನ್ನು ತೆಗೆದುಕೊಂಡು ಮುಂದುವರಿಯುವುದು ಯುಕ್ತ.

ಉತಾರದ ನಿದರ್ಶನ

ಈ ಭಾಗದ ರೈತನು ಪಹಣಿಯನ್ನು ಇಂದಿಗೂ ‘ಉತಾರ’ ಎಂದೇ ಕರೆಯುತ್ತಾನೆ. ಮುಂಬಯಿ ಪ್ರಾಂತದ ಆಡಳಿತ ಕಾಲದಿಂದ ಬಂದ ಮಾತಿದು. ಆ ಕಾಲದಲ್ಲಿ ಉತಾರವು ತಲಾಠಿಯ ದಫ್ತರದಲ್ಲಿತ್ತು. ದಾಖಲೆಯನ್ನು ಇಟ್ಟುಕೊಂಡವನೂ, ತಿದ್ದುವವನೂ, ನಕಲು ಕೊಡುವವನೂ ಬಹುಮಟ್ಟಿಗೆ ಅವನೊಬ್ಬನೇ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಈ ವ್ಯವಸ್ಥೆಯನ್ನು ಬದಲಿಸಿತು. 2002ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಸೇರಿದ್ದವು. ಆ ಹಂತದಲ್ಲಿ ತಾಲೂಕು ಕಚೇರಿಗಳಲ್ಲಿಯೇ ಸರ್ವರುಗಳಿದ್ದವು. ಅನಂತರ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸಾಗಿದವು.

ಇಲ್ಲಿ ಗಮನಿಸಬೇಕಾದುದು ಅಧಿಕಾರದ ವಿಂಗಡಣೆ. ಉತಾರದ ನಕಲನ್ನು ಯಾರು ಬೇಕಾದರೂ ಶುಲ್ಕ ಕೊಟ್ಟು ಪಡೆಯಬಹುದು. ಆದರೆ ಹೆಸರು ಬದಲಾಗಬೇಕಾದರೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಪ್ರಕಾರ ಹಕ್ಕು ಬದಲಾವಣೆಯ ನೋಟೀಸು ಹೊರಡಬೇಕು, ಆಕ್ಷೇಪಣೆಗೆ ಅವಧಿ ಸಲ್ಲಬೇಕು, ಅಧಿಕಾರಿಯ ಆದೇಶವಾಗಬೇಕು. ಗಣಕಯಂತ್ರದಲ್ಲಿ ಆ ಆದೇಶವನ್ನು ನಮೂದಿಸುವ ನೌಕರನು ತನ್ನ ಬೆರಳಚ್ಚನ್ನು ಒತ್ತಿಯೇ ಒಳಹೊಗಬೇಕು. ನೋಡುವ ಅಧಿಕಾರ ಎಲ್ಲರದು, ಆದೇಶಿಸುವ ಅಧಿಕಾರ ಒಬ್ಬರದು, ಬರೆಯುವ ಅಧಿಕಾರ ಇನ್ನೊಬ್ಬರದು. ಯಾರು ಯಾವಾಗ ಏನು ಮಾಡಿದರೆಂಬುದು ಯಂತ್ರದಲ್ಲಿ ಉಳಿಯುತ್ತದೆ.

ಇದರ ಮಹತ್ವ ಎಷ್ಟೆಂಬುದನ್ನು ಕೃಷ್ಣಾ ತೀರದವರಿಗೆ ಹೇಳಬೇಕಾಗಿಲ್ಲ. 1964ರಲ್ಲಿ ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಶಂಕುಸ್ಥಾಪನೆಯಾದ ಮೇಲೆ ಹಿನ್ನೀರಿಗೆ ಹೊಲಮನೆಗಳು ಹೋದವು. ಪರಿಹಾರವು ಯಾರ ಕೈಸೇರಬೇಕೆಂಬುದನ್ನು ನಿರ್ಣಯಿಸುವಲ್ಲಿ ಉತಾರದ ಹೆಸರೇ ಮುಖ್ಯ ಆಧಾರ. ಬೆಳೆಸಾಲಕ್ಕೂ ಅದೇ ಆಧಾರ.

ತಾಲೂಕು ಒಡೆದಾಗ

2017ರ ಬಳಿಕ ಈ ನಾಲ್ಕು ತಾಲೂಕುಗಳೂ ವಿಭಾಗಗೊಂಡವು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಹಾಗೂ ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಸವನ ಬಾಗೇವಾಡಿಯಿಂದ ನಿಡಗುಂದಿ ಹಾಗೂ ಕೊಲ್ಹಾರ ಪ್ರತ್ಯೇಕ ತಾಲೂಕುಗಳಾದವು. ಹೀಗೆ ಒಂದು ಗ್ರಾಮವು ಹೊಸ ತಾಲೂಕಿಗೆ ಸೇರಿದಾಗ ಅದರ ಸರ್ವೆ ನಂಬರಿಗೆ ಸೇರಿದ ಕ್ಷೇತ್ರವಾಗಲಿ, ಆಕಾರವಾಗಲಿ, ಹಿಡುವಳಿದಾರನ ಹೆಸರಾಗಲಿ ಬದಲಾಗುವುದಿಲ್ಲ. ಬದಲಾಗುವುದು ಅದರ ಮೇಲೆ ಆದೇಶ ಮಾಡಬಲ್ಲ ತಹಶೀಲ್ದಾರರ ಅಧಿಕಾರವ್ಯಾಪ್ತಿ. ಹಳೆಯವರ ಅಧಿಕಾರ ನಿಲ್ಲಬೇಕು, ಹೊಸಬರದು ಆರಂಭವಾಗಬೇಕು. ಎರಡರ ನಡುವೆ ತೆರಪು ಬಿದ್ದರೆ ರೈತನ ಕೆಲಸ ನಿಲ್ಲುತ್ತದೆ. ಎರಡೂ ಏಕಕಾಲಕ್ಕೆ ಇದ್ದರೆ ಒಂದೇ ಹೊಲಕ್ಕೆ ಇಬ್ಬರು ಅಧಿಕಾರಿಗಳಾಗುತ್ತಾರೆ.

ಇದರಿಂದ ಹೊರಡುವ ತತ್ತ್ವವಿಷ್ಟು: ದಾಖಲೆಯ ಒಳಗೆ ಬರೆದುದು ದಾಖಲೆಯೊಡನೆ ಸಾಗುತ್ತದೆ, ದಾಖಲೆಯ ಹೊರಗೆ ನಿಂತು ಅದನ್ನು ಆಳುವ ಅಧಿಕಾರವು ಸಾಗುವುದಿಲ್ಲ, ಹೊಸ ಸ್ಥಳದಲ್ಲಿ ಅದನ್ನು ಹೊಸದಾಗಿಯೇ ಸ್ಥಾಪಿಸಬೇಕು. ಕ್ಲೌಡ್‌ನಿಂದ ಯಂತ್ರವನ್ನು ಹೊರತರುವಾಗಲೂ ಇದೇ ತತ್ತ್ವ ಅನ್ವಯಿಸುತ್ತದೆ.

ಹೊರತೆಗೆಯುವ ಅನುಮತಿಗಳು

ವರ್ಚುವಲ್ ಮಷೀನ್ ಎಂದರೆ ಒಂದು ದೊಡ್ಡ ಯಂತ್ರದೊಳಗೆ ತಂತ್ರಾಂಶದಿಂದ ನಿರ್ಮಿತವಾದ ಯಂತ್ರ. ಅದರ ಡಿಸ್ಕು ವಸ್ತುತಃ ಒಂದು ಫೈಲು. ಆದುದರಿಂದಲೇ ಅದನ್ನು ನಕಲು ಮಾಡಿ ಸಾಗಿಸಲು ಬರುತ್ತದೆ. ಕಾಲೇಜೊಂದು ತನ್ನ ಪರೀಕ್ಷಾಂಕಗಳ ಯಂತ್ರವನ್ನು ಬಾಡಿಗೆಯ ಕ್ಲೌಡ್‌ನಿಂದ ತನ್ನದೇ ಕೊಠಡಿಯ ಸರ್ವರಿಗೆ ತರಬೇಕೆಂದು ಭಾವಿಸೋಣ.

ಮೊದಲನೆಯದಾಗಿ, ಯಂತ್ರವನ್ನು ಪಟ್ಟಿಯಲ್ಲಿ ಕಾಣುವ ಮತ್ತು ಅದರ ವಿವರಗಳನ್ನು ಓದುವ ಅನುಮತಿ ಬೇಕು. ಎರಡನೆಯದಾಗಿ, ಯಂತ್ರವನ್ನು ನಿಲ್ಲಿಸುವ ಅಥವಾ ಅದರ ಡಿಸ್ಕಿನ ತತ್ಕ್ಷಣದ ಪ್ರತಿಯನ್ನು ತೆಗೆಯುವ ಅನುಮತಿ. ಮೂರನೆಯದಾಗಿ, ಆ ಪ್ರತಿಯನ್ನು ಹೊರಕ್ಕೆ ಒಯ್ಯುವ ಅನುಮತಿ. ಇದೇ ಅತ್ಯಂತ ಸೂಕ್ಷ್ಮವಾದುದು.

ಅಮೆಜಾನ್ ಸಂಸ್ಥೆಯ ಕ್ಲೌಡ್‌ನಲ್ಲಿ ರಫ್ತು ಮಾಡೆಂದು ಕೇಳುವವನು ಬೇರೆ, ರಫ್ತು ಮಾಡುವ ಸೇವೆ ಬೇರೆ. ಆ ಸೇವೆಗೆ ‘ವಿಎಂಇಂಪೋರ್ಟ್’ ಎಂಬ ಪಾತ್ರವನ್ನು ವಹಿಸಿಕೊಟ್ಟು, ಪ್ರತಿಯನ್ನಿರಿಸುವ ಸಂಗ್ರಹದಲ್ಲಿ ಬರೆಯುವ ಅಧಿಕಾರವನ್ನು ಅದಕ್ಕೆ ಕೊಡಬೇಕು. ಕೇಳಿದವನಿಗೆ ಎಲ್ಲ ಅಧಿಕಾರಗಳಿದ್ದರೂ ಸೇವೆಗೆ ಇಲ್ಲದಿದ್ದರೆ ಕಾರ್ಯ ವಿಫಲವಾಗುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯ ಅಝೂರ್‌ನಲ್ಲಿ ಕ್ರಮ ಬೇರೆ: ಅಲ್ಲಿ ಡಿಸ್ಕನ್ನು ಇಳಿಸಿಕೊಳ್ಳಲು ನಿಯತ ಕಾಲದ ಕೊಂಡಿಯೊಂದನ್ನು ಪಡೆಯಬೇಕು. ಬೇರೆ ಹೇಳದಿದ್ದರೆ ಅದರ ಆಯುಷ್ಯ 3600 ಸೆಕೆಂಡುಗಳು, ಎಂದರೆ ಒಂದು ಗಂಟೆ. ಹೆಚ್ಚಿನ ಕಾವಲನ್ನು ಬೇರೆಯಾಗಿ ಏರ್ಪಡಿಸದಿದ್ದಲ್ಲಿ, ಆ ಅವಧಿಯಲ್ಲಿ ಕೊಂಡಿ ಯಾರ ಕೈಯಲ್ಲಿದ್ದರೂ ಅವರು ಡಿಸ್ಕನ್ನು ಪೂರ್ತಿಯಾಗಿ ಒಯ್ಯಬಹುದು. ಆದುದರಿಂದ ಅಂತಹ ಕೊಂಡಿಯನ್ನು ಸಹೋದ್ಯೋಗಿಗಳ ಗುಂಪಿನ ಸಂದೇಶದಲ್ಲಿ ಹಂಚುವುದು ಖಜಾನೆಯ ಕೀಲಿಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ.

ನಾಲ್ಕನೆಯದು ಗೂಢಲಿಪಿಯ ಕೀಲಿಯನ್ನು ಬಳಸುವ ಅನುಮತಿ. ಡಿಸ್ಕನ್ನು ಓದುವ ಅಧಿಕಾರವಿದ್ದ ಮಾತ್ರಕ್ಕೆ ಕೀಲಿಯ ಅಧಿಕಾರ ಬರುವುದಿಲ್ಲ. ಕೀಲಿಗೆ ತನ್ನದೇ ಆದ ಅನುಮತಿಪಟ್ಟಿಯಿರುತ್ತದೆ. ಗೂಢಲಿಪಿಯಲ್ಲಿರುವ ಡಿಸ್ಕಿನ ಪ್ರತಿಯನ್ನು ಅಮೆಜಾನ್‌ನ ಮೇಲೆ ಹೇಳಿದ ರಫ್ತು ಸೇವೆಯು ಸ್ವೀಕರಿಸುವುದೇ ಇಲ್ಲ. ಆಗ ಯಂತ್ರದೊಳಗಿನಿಂದಲೇ ದಾಖಲೆಗಳನ್ನು ನಕಲಿಸುವ ಮಾರ್ಗವನ್ನು ಹಿಡಿಯಬೇಕು.

ಇಳಿಸಿಕೊಳ್ಳುವ ಸ್ಥಳದಲ್ಲಿ

ಸ್ವಂತ ಸರ್ವರಿನಲ್ಲಿಯೂ ಅನುಮತಿಗಳು ಬೇಕು. ವಿಎಂವೇರ್ ವ್ಯವಸ್ಥೆಯನ್ನು ಬಳಸುವಲ್ಲಿ ಸಂಗ್ರಹದಲ್ಲಿ ಜಾಗ ಪಡೆಯುವ, ಯಂತ್ರವನ್ನು ಸೃಷ್ಟಿಸುವ, ಅದನ್ನು ಸಂಪನ್ಮೂಲಗಳ ಗುಂಪಿಗೆ ಸೇರಿಸುವ ಹಾಗೂ ಜಾಲಕ್ಕೆ ಜೋಡಿಸುವ ಅಧಿಕಾರಗಳು ಬೇರೆಬೇರೆಯಾಗಿಯೇ ಇವೆ. ಸಾಗಣೆಯ ಹೊಣೆ ಹೊತ್ತವನಿಗೆ ಇಂತಹ ಅಗತ್ಯ ಅಧಿಕಾರಗಳನ್ನಷ್ಟೇ ಕೊಟ್ಟರೆ ಸಾಕು. ಸಂಪೂರ್ಣ ನಿರ್ವಾಹಕನ ಅಧಿಕಾರವನ್ನು ಕೊಟ್ಟುಬಿಡುವುದು ಸುಲಭ. ಆದರೆ ತಲಾಠಿಯ ದಫ್ತರದ ಕಾಲಕ್ಕೆ ಮರಳುವ ಹಾದಿಯೂ ಅದೇ.

ಯಂತ್ರವು ಬಂದಿಳಿದ ಮೇಲೆ ಎರಡು ತೊಡಕುಗಳು ಎದುರಾಗುತ್ತವೆ. ಕ್ಲೌಡ್ ತನ್ನ ಯಂತ್ರಗಳಿಗೆ ಹೊರಗಿನಿಂದ ವಹಿಸಿದ ಪಾತ್ರಗಳು ಅಲ್ಲಿಯೇ ಉಳಿದುಬಿಡುತ್ತವೆ. ಯಂತ್ರದೊಳಗಿನ ಕಾರ್ಯಕ್ರಮವು 169.254.169.254 ಎಂಬ ವಿಳಾಸದಲ್ಲಿ ತಾತ್ಕಾಲಿಕ ಕೀಲಿಯನ್ನು ಕೇಳಿ ಪಡೆಯುತ್ತಿದ್ದರೆ, ಹೊಸ ಮನೆಯಲ್ಲಿ ಆ ವಿಳಾಸದಿಂದ ಉತ್ತರ ಬಾರದು. ಇದಕ್ಕೆ ವಿರುದ್ಧವಾಗಿ, ಡಿಸ್ಕಿನ ಒಳಗಿದ್ದ ಬಳಕೆದಾರರ ಖಾತೆಗಳು, ಗುಪ್ತಪದಗಳು ಮತ್ತು ಕೀಲಿಗಳು ಎಲ್ಲವೂ ಯಂತ್ರದೊಡನೆ ಬರುತ್ತವೆ. ಕೆಲಸ ಬಿಟ್ಟುಹೋದ ನೌಕರನ ಕೀಲಿಯೂ ಅವುಗಳಲ್ಲಿರಬಹುದು. ಮೊದಲನೆಯ ತೊಡಕು ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಕೆಲಸ ನಿಲ್ಲುತ್ತದೆ. ಎರಡನೆಯದು ಗೊತ್ತಾಗುವುದಿಲ್ಲ, ಆದುದರಿಂದಲೇ ಹೆಚ್ಚು ಅಪಾಯಕರ.

ಸಾಗಣೆ ಮುಗಿದ ಕೂಡಲೇ ಹಳೆಯ ಸ್ಥಳವನ್ನು ಅಳಿಸಿಹಾಕುವುದೂ ಸಲ್ಲದು. ಭಾರತದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಯಂತ್ರಗಳ ವ್ಯವಹಾರದ ದಿನಚರಿಗಳನ್ನು 180 ದಿನಗಳವರೆಗೆ ಕಾಪಾಡಬೇಕೆಂದು ವಿಧಿಸಿದೆ. ಕ್ಲೌಡ್ ಇಟ್ಟ ದಿನಚರಿಯು ಡಿಸ್ಕಿನೊಳಗೆ ಇರುವುದಿಲ್ಲವಾದ್ದರಿಂದ ಅದನ್ನು ಬೇರೆಯಾಗಿ ತರಿಸಿಕೊಂಡ ಮೇಲೆಯೇ ಖಾತೆಯನ್ನು ಮುಚ್ಚಬೇಕು.

ಉಪಸಂಹಾರ

ಮೇಲಿನ ವಿಚಾರದಿಂದ ಮೂರು ನಿಯಮಗಳು ಹೊರಡುತ್ತವೆ. ಪ್ರತಿಯೊಂದು ಕ್ರಿಯೆಗೂ ಪ್ರತ್ಯೇಕ ಅನುಮತಿಯಿರಬೇಕು. ಅದಕ್ಕೆ ಮುಕ್ತಾಯದ ದಿನವನ್ನು ಮೊದಲೇ ಗೊತ್ತುಪಡಿಸಬೇಕು. ಅನುಮತಿ ಕೊಡುವವನೂ ಅದನ್ನು ಬಳಸುವವನೂ ಒಬ್ಬನೇ ಆಗಿರಬಾರದು. ನಮ್ಮ ಕಾಲೇಜುಗಳಲ್ಲಿ ಗಣಕಶಾಸ್ತ್ರದ ವಿದ್ಯಾರ್ಥಿಗಳು ಯಂತ್ರವನ್ನು ಸಾಗಿಸುವ ಆಜ್ಞೆಗಳನ್ನು ಬೇಗ ಕಲಿಯುತ್ತಾರೆ. ಅದರೊಡನೆ, ಒಮ್ಮೆ ತಾಲೂಕು ಕಚೇರಿಗೆ ಹೋಗಿ ಒಂದು ಉತಾರದಲ್ಲಿ ಹೆಸರು ಬದಲಾಗುವುದಕ್ಕೆ ಎಷ್ಟು ಕೈಗಳ ಒಪ್ಪಿಗೆ ಬೇಕೆಂಬುದನ್ನು ನೋಡಿ ಬಂದರೆ, ಆ ಆಜ್ಞೆಗಳ ಹಿಂದಿರುವ ಹೊಣೆಯೂ ಅವರಿಗೆ ತಿಳಿಯುವುದು.