ದಸರಾ ಕಳೆದ ಮೇಲೆ, ಜಮಖಂಡಿ ಮಾರ್ಗವಾಗಿ

ದಸರಾ ರಜೆಯಲ್ಲಿ ಉತ್ತರ ಕರ್ನಾಟಕಕ್ಕೆ ಹೊರಟವರ ಪಟ್ಟಿ ಹೆಚ್ಚುಕಡಿಮೆ ಒಂದೇ: ಬಾದಾಮಿ, ವಿಜಯಪುರ, ಬೆಳಗಾವಿ. ಹಗಲು ಗದ್ದಲದಲ್ಲಿ ಸುತ್ತಿ, ರಾತ್ರಿ ಅದೇ ಗದ್ದಲದ ಲಾಡ್ಜಿನಲ್ಲಿ ದುಪ್ಪಟ್ಟು ಬಾಡಿಗೆ ಕೊಟ್ಟು ಮಲಗುತ್ತಾರೆ. ಇದನ್ನು ತಿರುವು ಮುರುವು ಮಾಡಿ ನೋಡಿ. ದೊಡ್ಡ ಊರುಗಳಿಗೆ ಹಗಲು ಕೊಡಿ, ರಾತ್ರಿಗಳನ್ನು ಅವುಗಳ ನಡುವಿನ ಸಣ್ಣ ಊರಿಗೆ ಉಳಿಸಿ. ಬಾಗಲಕೋಟೆ ಜಿಲ್ಲೆಯ ಬೀಳಗಿ, ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ ಇದಕ್ಕೆ ಹೇಳಿ ಮಾಡಿಸಿದಂತಿವೆ.

ಮೊದಲು ಕಾಲದ ಲೆಕ್ಕ. ಮಹಾರಾಷ್ಟ್ರದಲ್ಲಿ ಮಳೆ ಜೋರಾದರೆ ಕೃಷ್ಣೆ ಉಕ್ಕುತ್ತಾಳೆ, ಹಿಡಕಲ್ ಜಲಾಶಯದಿಂದ ನೀರು ಬಿಟ್ಟರೆ ಘಟಪ್ರಭೆ. 2019ರ ಆಗಸ್ಟಿನಲ್ಲಿ ಈ ಭಾಗ ಕಂಡ ಹೊಳೆಯನ್ನು ಇಲ್ಲಿಯ ಜನ ಇನ್ನೂ ಮರೆತಿಲ್ಲ. ಅಕ್ಟೋಬರ್ ಹೊತ್ತಿಗೆ ಹೊಳೆ ಇಳಿದಿರುತ್ತದೆ, ಹಸ್ತ-ಚಿತ್ತಿ ಮಳೆ ಮಾತ್ರ ಆಗೀಗ ಬರುತ್ತದೆ. ಎರಿ ಮಣ್ಣು ಒಮ್ಮೆ ನೆನೆದರೆ ಚಪ್ಪಲಿಯನ್ನು ಬಿಡುವುದಿಲ್ಲ, ಅದೊಂದು ನೆನಪಿರಲಿ. ಇನ್ನು ನವೆಂಬರಿನಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುತ್ತವೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಹಿಂದೆ ದೀಪವಿಲ್ಲದೆ, ಇಡೀ ರಸ್ತೆ ತಮ್ಮದೇ ಎಂಬಂತೆ ಸಾಗುತ್ತವೆ. ಕಬ್ಬಿನ ದರದ ಹೋರಾಟ ಕಾವೇರಿದರೆ ರಸ್ತೆಯೇ ಬಂದ್. ಹಾಗಾಗಿ ವಿಜಯದಶಮಿಯ ಬನ್ನಿ ಹಂಚಿ ಮುಗಿದ ಮೇಲೆ, ದೀಪಾವಳಿಗೆ ಮೊದಲು ಬರುವ ವಾರಗಳೇ ಒಳ್ಳೆಯವು. ಸ್ವಂತ ಕಾರಿನವರು ಕತ್ತಲಾದ ಮೇಲೆ ಓಡಿಸುವ ಹಟ ಬಿಡಬೇಕು.

ರೈಲು ಬಾಗಲಕೋಟೆವರೆಗೆ ಇದೆ, ಆಚೆ ಮಿರಜ್ ಮಾರ್ಗದ ಕುಡಚಿಯಲ್ಲಿದೆ. ಇವೆರಡನ್ನೂ ಕೂಡಿಸುವ 142 ಕಿ.ಮೀ. ಮಾರ್ಗದ ಕೆಲಸ 2010ರಲ್ಲಿ ಆರಂಭವಾಗಿ ವರ್ಷಗಟ್ಟಲೆ ಎಳೆದಿದೆ. ಪ್ರವಾಸದ ಲೆಕ್ಕವನ್ನು ಬಸ್ಸಿನ ಮೇಲೆಯೇ ಹಾಕಿಕೊಳ್ಳುವುದು ಕ್ಷೇಮ.

ಬಾದಾಮಿ ನೋಡಿ ಬಾಗಲಕೋಟೆಗೆ ಬಂದವರು ಬೆಳಿಗ್ಗೆ ಬೀಳಗಿಗೆ ಹೊರಡಬಹುದು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ದೂರದ ಬಸ್ಸುಗಳು ಬೀಳಗಿ ಕ್ರಾಸಿನಲ್ಲಿ ಇಳಿಸಿ ಹೋಗಿಬಿಡುತ್ತವೆ. ಊರೊಳಗೆ ಹೋಗುವ ಬಸ್ಸೇ ಎಂದು ಕಂಡಕ್ಟರನ್ನು ಕೇಳಿ ಹತ್ತಿ. ಸಿದ್ಧೇಶ್ವರ ಗುಡಿ, ಹಳೆಯ ಅರೆತ್ತಿನ ಬಾವಿ ನೋಡಿ, ಖಾನಾವಳಿಯಲ್ಲಿ ಊಟ ಮಾಡಿದರೆ ಬೀಳಗಿ ಮುಗಿಯಿತು. ಇಲ್ಲಿ ವಸತಿ ಬೇಡ. ಮಧ್ಯಾಹ್ನ ಕೊಲ್ಹಾರ ಸೇತುವೆ ದಾಟಿ ವಿಜಯಪುರಕ್ಕೆ ಹೋಗಿ. ಮಳೆಗಾಲದ ಬೆನ್ನಿಗೆ ಆಲಮಟ್ಟಿಯ ಹಿನ್ನೀರು ತುಂಬಿ ನಿಂತಿರುವಾಗ ಆ ಸೇತುವೆಯ ಮೇಲಿನ ಕಿಟಕಿ ಸೀಟಿಗೆ ಬೆಲೆ ಕಟ್ಟಲಾಗದು. ವಿಜಯಪುರದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ.

ವಿಜಯಪುರದಿಂದ ಜಮಖಂಡಿಗೆ ಬರುವ ದಾರಿಯಲ್ಲಿ ಚಿಕ್ಕಪಡಸಲಗಿ ಇದೆ. ಸರ್ಕಾರದ ದಾರಿ ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಹಾಕಿ, ತಾವೇ ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ್ದು ಇಲ್ಲಿ, 1989ರಲ್ಲಿ. ಹೆಸರು ಶ್ರಮಬಿಂದು ಸಾಗರ. ಅದೇ ಹೆಸರಿನ ಬಲದಲ್ಲಿ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಈ ಪ್ರವಾಸದಲ್ಲಿ ಒಂದೇ ಒಂದು ಜಾಗ ನೋಡಲು ಸಮಯವಿದೆ ಎನ್ನುವವರಿಗೆ ನಾನು ಜಮಖಂಡಿಯ ಅರಮನೆಯ ಬದಲು ಇದನ್ನೇ ಹೇಳುತ್ತೇನೆ.

ಎರಡು ರಾತ್ರಿ ಜಮಖಂಡಿಯಲ್ಲಿ ಇರಿ. ನಾಲ್ಕೂ ಊರುಗಳಲ್ಲಿ ಲಾಡ್ಜು, ಖಾನಾವಳಿ, ಬಸ್ಸು ಮೂರೂ ಸಲೀಸಾಗಿ ಸಿಗುವುದು ಇಲ್ಲಿ. ಪಟವರ್ಧನರ ಸಂಸ್ಥಾನವಾಗಿದ್ದ ಊರು, 1948ರಲ್ಲಿ ವಿಲೀನವಾಯಿತು. ಮುಂದೆ ಉಪರಾಷ್ಟ್ರಪತಿಯಾಗಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದ ಬಿ.ಡಿ. ಜತ್ತಿ ಇದೇ ತಾಲೂಕಿನ ಸಾವಳಗಿಯವರು, ಗುರುದೇವ ರಾನಡೆ ಹುಟ್ಟಿದ್ದು ಜಮಖಂಡಿಯಲ್ಲಿ. ಸಂಜೆ ರಾಮತೀರ್ಥದ ಗುಡ್ಡ ಹತ್ತಿ, ಅರಮನೆಯ ಕಡೆ ಸುತ್ತಾಡಿ ಇಳಿದರೆ ಊಟದ ಹೊತ್ತಿಗೆ ಸರಿಯಾಗುತ್ತದೆ. ಖಾನಾವಳಿಗೆ ತೀರಾ ತಡಮಾಡಿ ಹೋಗಬೇಡಿ. ಬಿಸಿ ರೊಟ್ಟಿ ಬಡಿಯುವವರು ಮನೆಗೆ ಹೋದರೆ ಕಟಕ್ ರೊಟ್ಟಿಯೇ ಗತಿ. ಹಾಗೆಂದು ಕಟಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಸಾಲದೆಂದು ಯಾರೂ ಹೇಳಲಾರರು.

ಮರುದಿನ ರಬಕವಿ-ಬನಹಟ್ಟಿ. ಶಾಂತ ಊರು ಹುಡುಕಿ ಬಂದವರಿಗೆ ಒಂದು ಎಚ್ಚರಿಕೆ: ಬನಹಟ್ಟಿ ಶಾಂತವಲ್ಲ. ಬಸ್ ನಿಲ್ದಾಣದಿಂದ ಒಂದೆರಡು ಓಣಿ ದಾಟಿದರೆ ಮನೆಮನೆಯೊಳಗಿಂದ ವಿದ್ಯುತ್ ಮಗ್ಗದ ಖಟಪಟ ಕೇಳುತ್ತದೆ. ಕರೆಂಟು ಹೋದರೆ ಇಡೀ ಓಣಿ ಒಮ್ಮೆಲೇ ಸುಮ್ಮನಾಗುತ್ತದೆ. ಬಾಗಿಲಲ್ಲಿ ನಿಂತು "ಕಾಕಾ, ಒಳಗ ಬಂದು ನೋಡಬೌದೇನ್ರಿ?" ಎಂದು ಕೇಳಿ, ಬೇಡ ಎನ್ನುವವರು ಕಡಿಮೆ. ಹಾಸಿನ ನೂಲು ಉದ್ದಕ್ಕೆ ಬಿಗಿದಿರುತ್ತದೆ, ಹೊಕ್ಕಿನ ನೂಲು ತುಂಬಿದ ಕಂಡಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಲಾಳಿ ಅತ್ತಿಂದಿತ್ತ ಹಾರುತ್ತದೆ. ಎಳೆ ತುಂಡಾದರೆ ನೇಕಾರ ಮಗ್ಗ ನಿಲ್ಲಿಸಿ, ಬೆರಳ ತುದಿಯಲ್ಲಿ ಗಂಟು ಹಾಕಿ ಮತ್ತೆ ಚಾಲೂ ಮಾಡುತ್ತಾನೆ. ಕಣ್ಣು ಮಿಟುಕಿಸಿದರೆ ಆ ಗಂಟು ನಿಮಗೆ ಕಾಣುವುದಿಲ್ಲ. ನಡುವೆ ಮಾತಿಗೆಳೆಯಬೇಡಿ, ಕೂಲಿ ನೇಯ್ದಷ್ಟಕ್ಕೆ ಮಾತ್ರ. ಸೀರೆ ಕೊಳ್ಳುವವರು ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ, ಹತ್ತಿಯೋ ಪಾಲಿಯೆಸ್ಟರೋ ಎಂದು ನೇರವಾಗಿ ಕೇಳಲಿ. ನೇಕಾರರ ಮನೆಯಲ್ಲಿ ಚೌಕಾಶಿ ಮಾಡುವುದು ನನಗಂತೂ ಸರಿಕಾಣದು. ದೀಪಾವಳಿಯ ದಿನಗಳಲ್ಲಿ ಬಂದರೆ ಮಗ್ಗ ನಿಂತಿರುತ್ತದೆ, ಬಂದದ್ದು ದಂಡ.

ಕೊನೆಯ ನಿಲುಗಡೆ ಮುಧೋಳ. ಊರಿನ ಹೆಸರನ್ನೇ ಹೊತ್ತ ಬೇಟೆನಾಯಿ ತಳಿ, ಮುಧೋಳ ನಾಯಿ, 2005ರಲ್ಲಿ ಅಂಚೆಚೀಟಿಗೂ ಏರಿತು. ಇಲ್ಲಿಯ ಘೋರ್ಪಡೆ ಅರಸ ಮಾಲೋಜಿರಾವ್ ಈ ತಳಿಯನ್ನು ಪೋಷಿಸಿ ಉಳಿಸಿದವರು. ಊರ ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮೊದಲೇ ವಿಚಾರಿಸಿಕೊಂಡು, ಬಿಸಿಲೇರುವ ಮೊದಲು ಹೋಗಿ. ನೋಡಿದ ಖುಷಿಯಲ್ಲಿ ಅಪಾರ್ಟ್‌ಮೆಂಟಿಗೆ ಮರಿ ಒಯ್ಯುವ ವಿಚಾರ ಮಾತ್ರ ಬೇಡ: ಹೊಲದಲ್ಲಿ ಮೊಲದ ಬೆನ್ನಟ್ಟಿ ಓಡಲೆಂದೇ ಬೆಳೆದ ತಳಿ ಅದು. ಕಾವ್ಯಪ್ರೇಮಿಗಳು ಮಹಾಲಿಂಗಪುರ ರಸ್ತೆಯ ರನ್ನಬೆಳಗಲಿಯಲ್ಲಿ ಇಳಿಯಬಹುದು, ಹತ್ತನೇ ಶತಮಾನದ ಬಳೆಗಾರರ ಮನೆಯ ಮಗ ರನ್ನನ ಊರು ಅದು.

ಮುಧೋಳದಿಂದ ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ ಹೊರಡಿ. ರಾಜ್ಯದ ಮಹಿಳೆಯರಿಗೆ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ, ಆಧಾರ್ ಕೈಯಲ್ಲಿರಲಿ. ಮಿರಜ್, ಕೊಲ್ಹಾಪುರದ ಕಡೆ ದಾಟುವ ಅಂತರರಾಜ್ಯ ಬಸ್ಸಿಗೆ ಅದು ನಡೆಯದು. ಕೊನೆಯ ಬಸ್ಸಿನ ಸಮಯವನ್ನು ಮೊಬೈಲಿನಲ್ಲಿ ನೋಡಿ ನಂಬಬೇಡಿ, ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೇಳಿಯೇ ಹೊರಡಿ.