ಹಳೆಯ ಮೋಟಾರಿನ ಬ್ಯಾಟರಿಯೂ ಅದರ ಅಜೀರ್ಣವೂ

ಬ್ಯಾಟರಿ ಬರಿದಾಗಿ ಮೋಟಾರು ಗಾಡಿ ನಡುದಾರಿಯಲ್ಲಿ ನಿಂತ ಕಥೆಯನ್ನು ಎಲ್ಲರೂ ಕೇಳಿರುತ್ತಾರೆ. ವಿದ್ಯುತ್ತು ಅತಿಯಾಗಿ ತುಂಬಿ ಬ್ಯಾಟರಿ ಕೆಟ್ಟ ಕಥೆ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. 1920ರ ದಶಕದ ಗಾಡಿಗಳಲ್ಲಿ ಹಸಿವಿನಂತೆಯೇ ಅಜೀರ್ಣವೂ ಬ್ಯಾಟರಿಗೆ ಶತ್ರುವಾಗಿದ್ದಿತು. ಅಂಥ ಗಾಡಿಯನ್ನು ಇಂದಿಗೂ ಅಕ್ಕರೆಯಿಂದ ಕಾಪಾಡಿಕೊಂಡು ಬಂದವರಿಗಾಗಿ ಈ ವಿಷಯವನ್ನು ತುಸು ವಿವರವಾಗಿ ನೋಡೋಣ.

ಮೈಸೂರಿನಿಂದ ತಿರುಮಕೂಡಲು ನರಸೀಪುರದ ಹಾದಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ದೂರ ಸುಮಾರು 30 ಕಿಲೋಮೀಟರು, ನಡುವೆ ಘಟ್ಟವಿಲ್ಲ. ಫೋರ್ಡ್ ‘ಎ’ ಮಾದರಿಯ 1928ರ ಗಾಡಿಯೊಂದು ಹಗಲು ಹೊತ್ತಿನಲ್ಲಿ ಒಂದೇ ಸಮನಾದ ಮಧ್ಯಮ ವೇಗದಲ್ಲಿ ಹೊರಟಿದೆ ಎನ್ನಿ. ಹೊರಡುವಾಗ ಸ್ಟಾರ್ಟರು 150 ಆಂಪಿಯರಿನಂತೆ ಐದು ಸೆಕೆಂಡು ವಿದ್ಯುತ್ತನ್ನು ಎಳೆಯಿತು. ಕೇಳಲು ದೊಡ್ಡ ಮೊತ್ತವೇ; ಲೆಕ್ಕ ಹಾಕಿದರೆ ಒಂದು ಆಂಪಿಯರ್-ಗಂಟೆಯ ಐದನೆಯ ಒಂದು ಪಾಲು ಮಾತ್ರ. ಡೈನಮೊ ಬ್ಯಾಟರಿಗೆ 10 ಆಂಪಿಯರ್ ಕೊಡುತ್ತಿದ್ದರೆ ನಷ್ಟವನ್ನು ಸೇರಿಸಿದರೂ ಈ ಸಾಲ ಎರಡು ನಿಮಿಷದಲ್ಲಿ ತೀರಿತು. ಮಿಕ್ಕ ಮುಕ್ಕಾಲು ಗಂಟೆ ಡೈನಮೊ ಮಾಡುವುದೇನು? ತುಂಬಿದ ಕೊಡಕ್ಕೆ ನೀರು ಹೊಯ್ಯುವ ಕೆಲಸ.

ಅದು ತಾನಾಗಿ ಏಕೆ ನಿಲ್ಲುವುದಿಲ್ಲವೆಂದರೆ, ಆ ಡೈನಮೊಗಳಲ್ಲಿ ಎರಡು ಮುಖ್ಯ ಬ್ರಷ್ಷುಗಳಲ್ಲದೆ ಮೂರನೆಯದೊಂದು ಇದ್ದಿತು; ಅಯಸ್ಕಾಂತದ ಸುರುಳಿಗಳಿಗೆ ವಿದ್ಯುತ್ತು ದೊರೆಯುತ್ತಿದ್ದುದು ಅದರ ಮೂಲಕ. ವೇಗ ಮಿತಿಮೀರಿದಾಗ ಉತ್ಪತ್ತಿ ಇಳಿಯಲೆಂಬುದೇ ಅದರ ಯುಕ್ತಿ. ಈ ಯುಕ್ತಿ ಡೈನಮೊ ಸುಡದಂತೆ ಕಾಯುತ್ತಿತ್ತೇ ಹೊರತು ಬ್ಯಾಟರಿಯ ಹೊಟ್ಟೆ ತುಂಬಿದೆಯೆಂಬುದನ್ನು ಅರಿಯದು. ಅರಿಯದಿರುವುದಷ್ಟೇ ಅಲ್ಲ, ಬ್ಯಾಟರಿ ತುಂಬಿದಂತೆಲ್ಲ ಅದರ ವೋಲ್ಟೇಜು ಏರುತ್ತದೆ. ಅದು ಏರಿದಂತೆ ಅಯಸ್ಕಾಂತವು ಬಲಗೊಂಡು ಡೈನಮೊ ಇನ್ನಷ್ಟು ಕೊಡತೊಡಗುತ್ತದೆ. ಸಾಕೆಂದು ಕೈ ಅಡ್ಡ ಹಿಡಿದ ಅತಿಥಿಗೆ ಮತ್ತೆ ಬಡಿಸುವ ಉಪಚಾರವಿದು! ಅದರ ಪೂರ್ಣ ಉತ್ಪತ್ತಿ ಮಧ್ಯಮ ವೇಗದಲ್ಲಿಯೇ ಆಗುವುದರಿಂದ ನರಸೀಪುರದಂತಹ ಸಮತಟ್ಟಾದ ಹಾದಿಯೇ ಹೆಚ್ಚು ಅಪಾಯದ್ದು. ಡೈನಮೊವಿನ ಮೇಲಿರುವ ‘ಕಟೌಟ್’ ಬ್ಯಾಟರಿಯನ್ನು ರಕ್ಷಿಸುತ್ತದೆಂದು ಹಲವರು ನಂಬುತ್ತಾರೆ. ಗಾಡಿ ನಿಂತಾಗ ವಿದ್ಯುತ್ತು ಹಿಂದಕ್ಕೆ ಹರಿಯದಂತೆ ತಡೆಯುವುದಷ್ಟೇ ಅದರ ಕೆಲಸ.

ಒಂದೊಂದು ಕೋಶದ ವೋಲ್ಟೇಜು 2.4ರ ಸುಮಾರಿಗೆ ಬಂದ ಮೇಲೆ ಒಳಬರುವ ವಿದ್ಯುತ್ತು ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ. ಗುಳ್ಳೆಗಳ ರಭಸಕ್ಕೆ ಫಲಕಗಳ ಲೇಪ ಉದುರುತ್ತದೆ; ಸಿಡಿದ ಗಂಧಕಾಮ್ಲ ಪೆಟ್ಟಿಗೆಯ ಕಬ್ಬಿಣವನ್ನು ತಿನ್ನುತ್ತದೆ. ಬೇಸಗೆಯಲ್ಲಿ ಇದೆಲ್ಲವೂ ಇನ್ನೂ ಬೇಗ. ಈ ಗಾಡಿಯಲ್ಲಿ ಬ್ಯಾಟರಿಯು ಚಾಲಕನ ಕಾಲಡಿಯ ಹಲಗೆಯ ಕೆಳಗಿರುವುದರಿಂದ ಕೇಡು ಕಣ್ಣಿಗೆ ಬೀಳುವುದು ತಡವಾಗಿ. ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರುವುದಂತೂ ಸರ್ವಥಾ ಕೂಡದು. ಅಲ್ಲಿ ಸೇರಿರುವ ಜಲಜನಕ ಸಿಡಿದರೆ ಆಮ್ಲ ಹಾರುವುದು ನೋಡುತ್ತಿರುವ ಕಣ್ಣಿಗೇ.

ನಾವೊಮ್ಮೆ ಸಂಗಮದ ಬಳಿ ಗಾಡಿ ನಿಲ್ಲಿಸಿ ಹಲಗೆ ಎತ್ತಿದಾಗ ಫಲಕಗಳ ತಲೆ ಒಣಗಿ ಕಾಣುತ್ತಿದ್ದವು. ಜೊತೆಯಲ್ಲಿದ್ದ ಹಿರಿಯರು ತಂಬಿಗೆಯಲ್ಲಿ ಹೊಳೆಯ ನೀರನ್ನೇ ತಂದರು. ಕಾವೇರಿ ಕಪಿಲೆಯರು ಕೂಡುವ ನೀರು ಸ್ನಾನಕ್ಕೆ ಪಾವನವಾದರೂ ಅದರಲ್ಲಿ ಕರಗಿದ ಲವಣಗಳು ಬ್ಯಾಟರಿಗೆ ವಿಷ. ಭಟ್ಟಿಯಿಳಿಸಿದ ನೀರನ್ನು ಫಲಕಗಳು ಮುಳುಗುವಷ್ಟು ಹಾಕಬೇಕು. ಆವಿಯಾಗಿ ಹೋದದ್ದು ನೀರೇ ಆದಕಾರಣ ಆಮ್ಲವನ್ನು ಸೇರಿಸಬಾರದು. ಮೇಲಿಂದ ಮೇಲೆ ನೀರು ಬೇಡುವ ಬ್ಯಾಟರಿ ತನ್ನ ಅಜೀರ್ಣವನ್ನು ತಾನೇ ಹೇಳಿಕೊಳ್ಳುತ್ತಿದೆಯೆಂದು ತಿಳಿಯತಕ್ಕದ್ದು.

ಪರಿಹಾರ ಸುಲಭ. ಎಂಜಿನ್ನು ನಿಲ್ಲಿಸಿ, ಡೈನಮೊವಿನ ಪಟ್ಟಿ ಬಿಚ್ಚಿ, ಮೂರನೆಯ ಬ್ರಷ್ಷನ್ನು ಡೈನಮೊ ತಿರುಗುವ ದಿಕ್ಕಿಗೆ ಎದುರಾಗಿ ಎಳ್ಳಷ್ಟು ಸರಿಸಿದರೆ ಉತ್ಪತ್ತಿ ತಗ್ಗುತ್ತದೆ. ಹಗಲು ಪ್ರಯಾಣವೇ ಹೆಚ್ಚಾಗಿದ್ದರೆ ಆಮೀಟರಿನ ಮುಳ್ಳು 3 ಅಥವಾ 4 ಆಂಪಿಯರಿನಲ್ಲಿ ನಿಂತರೆ ಸಾಕು. ಅದಕ್ಕೆ ಮೊದಲು ಬ್ಯಾಟರಿಯ ತುದಿಗಳನ್ನು ಉಜ್ಜಿ ಬಿಗಿಮಾಡಿರಬೇಕು. ಅವು ಸಡಿಲಾದರೆ ಡೈನಮೊವಿನ ವೋಲ್ಟೇಜು ಹಾರಿ ದೀಪಗಳೇ ಸುಟ್ಟಾವು. ಬ್ರಷ್ಷನ್ನು ಮುಟ್ಟಲು ಅಂಜುವವರು ಹಳೆಯ ಚಾಲಕರಂತೆ ಹಗಲಿನಲ್ಲಿಯೇ ದೊಡ್ಡ ದೀಪಗಳನ್ನು ಹೊತ್ತಿಸಿಕೊಂಡು ಹೋಗಬಹುದು. ಹೆಚ್ಚಾದುದನ್ನು ಅವು ನುಂಗುತ್ತವೆ. ನೋಡಿದವರು ನಕ್ಕರೆ ನಗಲಿ. ವೋಲ್ಟೇಜನ್ನು ತಾನೇ ಅಳೆದು ತಡೆಯುವ ನಿಯಂತ್ರಕಗಳು ಗಾಡಿಗಳಲ್ಲಿ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಹಳೆಯ ಡೈನಮೊವಿಗೂ ಅಂಥದನ್ನು ಜೋಡಿಸಬಹುದು. ಜೋಡಿಸದವರು ರಾತ್ರಿ ದೀಪ ಹಾಕಿ ನರಸೀಪುರದಿಂದ ಹಿಂದಿರುಗುವುದಿದ್ದರೆ, ಹೊರಡುವ ಮುನ್ನ ಬ್ರಷ್ಷನ್ನು ಮತ್ತೆ ಮುಂದಕ್ಕೆ ಸರಿಸಲು ಮರೆಯಬಾರದು.